ಮೀನಾ ಕೇಳಿದ ಅಪ್ಪಣೆ

“ಪುಸ್ತಕದಾಗಿಂದು ಬ್ಯಾಡ್ರಿ, ನಿಮ್ಮ ಮನೀದು ಕೇಳ್ರಿ!” ಎಂದು ನಿಜಗುಣಪ್ಪ ಸರ್ ಬೋರ್ಡನ್ನು ಬೆರಳಿನಿಂದ ಬಡಿದರು. ಬೋರ್ಡಿನ ಮೇಲೆ ‘ಮೇ’ ಎಂಬ ಒಂದೇ ಶಬ್ದ ದಪ್ಪಗೆ ಕೂತಿತ್ತು. ‘ಕ್ಯಾನ್’ ಅಂದರೆ ಕೈಲಾಗುವುದು, ‘ಮಸ್ಟ್’ ಅಂದರೆ ಮಾಡಲೇಬೇಕಾದದ್ದು, ‘ಶುಡ್’ ಅಂದರೆ ಮಾಡಿದರೆ ಚಲೋ ಅನ್ನುವಂಥದ್ದು. ಇವೆಲ್ಲ ಹೋದ ವಾರವೇ ಮುಗಿದಿದ್ದವು. ಇವತ್ತು ಅಪ್ಪಣೆ ಕೇಳುವ ಪಾಠ. ಬೆಂಚಿನಲ್ಲಿ ಪಕ್ಕಪಕ್ಕ ಕೂತವರು ಒಬ್ಬರನ್ನೊಬ್ಬರು ಕೇಳಬೇಕು, ಕೇಳಿಸಿಕೊಂಡವರು ‘ಯೆಸ್, ಯು ಮೇ’ ಅನ್ನಬೇಕು.

ಬೈಲಹೊಂಗಲದ ಬಜಾರದಲ್ಲಿ, ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ ನಡೆಯುತ್ತಿದ್ದ ಇಂಗ್ಲಿಷ್ ಕ್ಲಾಸು ಅದು. ಟೆಂಪೊ ಓಡಿಸುವ ಖಾಸಿಮಸಾಬ ಎದ್ದು ನಿಂತು, “ಮೇ ಐ ಟೇಕ್ ಯುವರ್ ಚಾ?” ಎಂದು ಪಕ್ಕದವನನ್ನು ಕೇಳಿದ. ಪಕ್ಕದವನು “ಯೆಸ್, ಯು ಮೇ” ಅಂದ. “ಹಂಗಾರ ಲಗೂನ ತರಸಪಾ, ನಾಲಗಿ ಒಣಗೇತಿ,” ಅಂದ ಖಾಸಿಮಸಾಬ. ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಬೀಜ-ಗೊಬ್ಬರದ ಅಂಗಡಿಯ ಅಂದಾನೆಪ್ಪ.

ಅಂದಾನೆಪ್ಪನಿಗೆ ಇಂಗ್ಲಿಷಿನಿಂದ ಆಗಬೇಕಾದದ್ದು ಏನೂ ಇರಲಿಲ್ಲ. ಮಗಳನ್ನು ಕಾನ್ವೆಂಟಿಗೆ ಹಾಕುವ ಹುಕಿ ಹತ್ತಿತ್ತು, ಅಲ್ಲಿ ಸೀಟು ಕೊಡುವ ಮೊದಲು ತಂದೆತಾಯಿ ಇಬ್ಬರನ್ನೂ ಇಂಗ್ಲಿಷಿನಲ್ಲಿ ಮಾತಾಡಿಸಿ ನೋಡುತ್ತಾರೆಂದು ಯಾರೋ ಹೇಳಿದ್ದರು. ಹಾಗಾಗಿ ಗಂಡ ಹೆಂಡತಿ ಒಂದೇ ಬೆಂಚಿಗೆ ಬಂದು ಕೂತಿದ್ದರು.

ಈಗ ಅವನ ಹೆಂಡತಿ ಮೀನಾಳ ಪಾಳಿ. ದಿನಾ ಅವಳ ದನಿ ಎರಡನೇ ಬೆಂಚು ದಾಟುತ್ತಿರಲಿಲ್ಲ. ಇವತ್ತು ಸೆರಗು ಸರಿಮಾಡಿಕೊಂಡು ಎದ್ದಳು, ಸರ್ ಕಡೆ ನೋಡದೆ ನೇರ ಗಂಡನ ಕಡೆ ತಿರುಗಿದಳು. “ಮೇ ಐ ಗೋ ಟು ತೊರಗಲ್? ಟು ಸೀ ಮೈ ಮದರ್?”

“ಯೆಸ್, ಯು ಮೇ!” ಅಂದ ಅಂದಾನೆಪ್ಪ. ನಗು ಇನ್ನೂ ಮೋರೆಯ ಮೇಲಿತ್ತು, ಬಾಯಿ ತಾನಾಗಿ ಅಂದುಬಿಟ್ಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು. “ಭೇಷ್! ಮನೀ ಮಾತಂದ್ರ ಹಿಂಗಿರಬೇಕು,” ಅಂದರು ಸರ್. ಮೀನಾ ಕೂತಳು. ಆಮೇಲೆ ಅಂದಾನೆಪ್ಪನಿಗೆ ತಾನು ಅಂದದ್ದು ಏನೆಂದು ತಿಳಿಯಿತು. ಅಯ್ಯ ಶಿವನೇ, ಇದೇನು ಮಾಡಿಕೊಂಡೆ!

ತೊರಗಲ್ಲು ಮೀನಾಳ ತವರು. ನಾಲ್ಕು ವರ್ಷದ ಹಿಂದೆ ಅವಳ ಅಣ್ಣ ಶಂಕ್ರೆಪ್ಪನ ಮದುವೆಯಲ್ಲಿ ಬಟ್ಟೆ ಉಡುಗೊರೆಯ ಆಹೇರ ಮಾಡುವಾಗ ಹಿರಿಯ ಅಳಿಯನಾದ ಇವನನ್ನು ಬಿಟ್ಟು ಕಿರಿಯ ಅಳಿಯನಿಗೆ ಮೊದಲು ರುಮಾಲು ಸುತ್ತಿದರು. ಗಡಿಬಿಡಿಯಲ್ಲಿ ಆದ ತಪ್ಪು. ಶಂಕ್ರೆಪ್ಪ ಕೈ ಮುಗಿದು ಕೇಳಿಕೊಂಡ. ಉಹೂಂ! ಮೂರು ಮೊಳ ಬಟ್ಟೆಗಾಗಿ ಅಂದಾನೆಪ್ಪ ಊಟ ಬಿಟ್ಟು ಎದ್ದ. “ಆ ಹೊಸ್ತಲಾ ನಾ ತುಳಿಯೂದಿಲ್ಲ, ನೀನೂ ತುಳಿಯಬ್ಯಾಡ,” ಎಂದ. ಅವತ್ತಿನಿಂದ ಮೀನಾ ತೊರಗಲ್ಲಿನ ಹೆಸರೆತ್ತಿರಲಿಲ್ಲ. ಮರೆತಳು ಎಂದೇ ಈ ಪುಣ್ಯಾತ್ಮ ತಿಳಿದಿದ್ದ.

ಅದಷ್ಟೇ ಆಗಿದ್ದರೆ ಹೇಗೋ ತೂಗಿಸಬಹುದಿತ್ತು. ಮೀನಾಳ ಹತ್ತಿರ ಫೋನಿರಲಿಲ್ಲ; ಹೋದ ತಿಂಗಳು ಅಂಗಡಿಗೆ ಶಂಕ್ರೆಪ್ಪನ ಫೋನು ಬಂದಿತ್ತು. “ಅವ್ವ ಹೋದಳ್ರಿ ಮಾಮಾ. ಮಣ್ಣಿಗೆ ತಂಗೀನ ಕರಕೊಂಡು ಬರ್ರಿ.” ಹಳೆಯ ಸಿಟ್ಟು ಅದೆಲ್ಲಿತ್ತೋ, ನೆತ್ತಿಗೇರಿ ಕೂತಿತು. “ಆಕಿ ಬರೂದಿಲ್ಲ,” ಎಂದು ಅಂದಾನೆಪ್ಪ ಫೋನು ಇಟ್ಟ. ಸಂಜೆ ಹೇಳಿದರಾಯಿತು ಎಂದು ಮನೆಗೆ ಹೋದರೆ ತಾಯಿ ಮಗಳು ನಗುತ್ತ ಕೂತಿದ್ದರು, ಬಾಯಿ ಬರಲಿಲ್ಲ. ಮರುದಿನ ಇನ್ನೂ ಕಠಿಣವಾಯಿತು. ಅದರ ಮರುದಿನ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರೆ ಏನು ಹೇಳಲಿ ಎಂಬ ಅಂಜಿಕೆ ಬೇರೆ ಸೇರಿತು.

ಕ್ಲಾಸು ಬಿಟ್ಟು ಮನೆಗೆ ಬರುವಾಗ ಮೀನಾಳ ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ. “ನಾಳೆನ ಹೊಂಟೇನಿ ನೋಡ್ರಿ. ಅವ್ವಗ ಹಲ್ಲಿಲ್ಲ, ಮಾದಲಿ ಮಾಡಿಕೊಂಡು ಹೋಗತೇನಿ. ಹಾಲಿನ್ಯಾಗ ಕಲಸಿಕೊಂಡು ತಿಂತಾಳ.”

“ಮೀನಾ, ಅದು ಪಾಠದ ಮಾತು. ಖರೇ ಅಲ್ಲ.”

ಅವಳು ನಡುಬೀದಿಯಲ್ಲಿ ನಿಂತಳು. “ಅಷ್ಟು ಮಂದಿ ಮುಂದ ಅಂದೀರಿ. ಕನ್ನಡದಾಗ ನಿಮ್ಮನ್ನ ಕೇಳಾಕ ನನಗ ಧೈರ್ಯಾನ ಬರತಿರಲಿಲ್ರಿ. ಇಂಗ್ಲೀಷಿನ್ಯಾಗ ಕೇಳಿದ್ರ, ಯಾರೋ ಬ್ಯಾರೆ ಹೆಣ್ಣಮಗಳು ಕೇಳಿದಂಗ ಆತು. ಈಗ ಇಲ್ಲ ಅನಬ್ಯಾಡ್ರಿ. ಕಾಲು ಬೀಳತೇನಿ.” ಅವನು ಇಲ್ಲ ಅನ್ನಲಿಲ್ಲ. ಅನ್ನಬೇಕಾದದ್ದನ್ನೂ ಅನ್ನಲಿಲ್ಲ.

ಬೆಳಿಗ್ಗೆ ಮಗಳನ್ನು ಅತ್ತೆ ಕೆಂಪವ್ವನ ಹತ್ತಿರ ಬಿಟ್ಟು ಮೀನಾ ಮಾದಲಿಯ ಚೀಲ ಹಿಡಿದು ಹೊರಟಳು. ಅಂದಾನೆಪ್ಪ ಬಸ್ ಸ್ಟ್ಯಾಂಡಿನವರೆಗೂ ಹಿಂದೆಯೇ ಬಂದ. ಅಲ್ಲಿ ಟೆಂಪೊ ಒರೆಸುತ್ತಿದ್ದ ಖಾಸಿಮಸಾಬ ಹಲ್ಲು ಕಿರಿದ. “ಕಳಿಸೇ ಬಿಟ್ರೇನ್ರಿ ಸಾಹುಕಾರ್ರ! ದೊಡ್ಡ ಮನಸು ಬಿಡ್ರಿ ನಿಮ್ಮದು.” ಅಂದಾನೆಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಸವದತ್ತಿ, ತೊರಗಲ್ಲಿನ ಮೇಲೆ ರಾಮದುರ್ಗಕ್ಕೆ ಹೋಗುವ ಬಸ್ಸು ಹೊರಡಲು ತಯಾರಾಗಿ ನಿಂತಿತ್ತು. ಮೀನಾ ಹತ್ತಿ ಕಿಟಕಿಯ ಹತ್ತಿರ ಕೂತು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಬಾಗಿಲಲ್ಲಿ ಸದ್ದಾದಾಗ ತಿರುಗಿದರೆ ಅಂದಾನೆಪ್ಪ ಮೇಲೆ ಹತ್ತಿ ಬರುತ್ತಿದ್ದಾನೆ!

“ನೀವೂ ಬರತೀರೇನ್ರಿ?” ಅವಳ ಕಣ್ಣು ತುಂಬಿದವು. “ಅಯ್ಯ, ಅವ್ವ ಎಷ್ಟು ಹಿಗ್ಗತಾಳ್ರಿ! ಅಳಿಯನ್ನ ನೋಡಿದ್ನಿ, ಇನ್ನ ಸತ್ರೂ ಚಿಂತಿಲ್ಲ ಅಂತಾಳ. ಬರ್ರಿ, ಕುಂದರ್ರಿ.” ಅವಳು ಸರಿದು ಜಾಗ ಮಾಡಿದಳು.

ಅವನು ಕೂರಲಿಲ್ಲ. “ಮೀನಾ, ಅವ್ವ ಇಲ್ಲ.”

“ಎಲ್ಲಿಗೆ ಹೋಗ್ಯಾಳ?”

“ತೀರಿಕೊಂಡ್ರು. ಹೋದ ತಿಂಗಳ. ಶಂಕ್ರೆಪ್ಪ ಫೋನ್ ಮಾಡಿದ್ದ, ಅಂಗಡಿಗೆ.”

ಅವಳ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ನಗು ಪೂರ್ತಿ ಹೋಗಿರಲಿಲ್ಲ, ಹೋಗಬೇಕೆಂದು ಅದಕ್ಕಿನ್ನೂ ಗೊತ್ತಾಗಿರಲಿಲ್ಲ. “ಅಣ್ಣಗ ನೀವು ಏನಂದ್ರಿ?”

“ನೀ ಬರೂದಿಲ್ಲ ಅಂದೆ.”

“ನಾನು? ನಾನು ಬರೂದಿಲ್ಲ ಅಂದೆ ಅಂತ ಹೇಳಿದ್ರಿ?” ಮುಂದಿನ ಸೀಟಿನವರು ತಿರುಗಿ ನೋಡಿದರು. ಅವಳಿಗೆ ಅದರ ಪರಿವೆಯಿರಲಿಲ್ಲ. “ಯಾವತ್ತ?”

“ಗೌರಿ ಹುಣ್ಣಿಮಿ ಮರುದಿನ.”

ಮೀನಾ ತೊಡೆಯ ಮೇಲಿನ ಚೀಲ ನೋಡಿದಳು. “ಅವತ್ತ ನಾ ಮಗಳ ಜೋಡಿ ಸಕ್ಕರಿ ಗೊಂಬಿ ತಿನ್ಕೋತ ಕುಂತಿದ್ದೆ,” ಅಂದಳು ಮೆಲ್ಲಗೆ. “ನಿಮಗೂ ಒಂದು ಕೊಟ್ಟೆ. ಆನಿ. ನೀವು ಇಸಗೊಂಡು ತಿಂದ್ರಿ.”

ಅಂದಾನೆಪ್ಪ ತಲೆ ತಗ್ಗಿಸಿದ. ಬಸ್ಸು ಹೊರಟು ಊರು ದಾಟಿತು. ಅವಳು ಅಳಲಿಲ್ಲ.

ಕಂಡಕ್ಟರ್ ಬಂದ. “ಎಲ್ಲಿಗ್ರಿ? ಎರಡೇನ್ರಿ?”

“ತೊರಗಲ್,” ಅಂದಳು ಮೀನಾ, ತನ್ನ ಪರ್ಸಿನಿಂದ ನೋಟು ತೆಗೆದು. “ಒಂದ ಕೊಡ್ರಿ.”

ಟಿಕೆಟು ಇಸಿದುಕೊಂಡಳು. ತೊಡೆಯ ಮೇಲಿದ್ದ ಚೀಲವನ್ನು ಎತ್ತಿ, ಗಂಡನಿಗೆಂದು ಸರಿದು ಬಿಟ್ಟಿದ್ದ ಜಾಗದಲ್ಲಿ ಇಟ್ಟು, ಬೀಳದ ಹಾಗೆ ಅದರ ಮೇಲೆ ಕೈ ಇಟ್ಟಳು.

“ಹಿಂದ ಜಾಗಾ ಐತ್ರಿ, ಕುಂದರ್ರಿ,” ಎಂದ ಕಂಡಕ್ಟರ್. ಅಂದಾನೆಪ್ಪ ಮೇಲಿನ ಸರಳು ಹಿಡಿದುಕೊಂಡು ಅಲ್ಲೇ ನಿಂತಿದ್ದ.