ಹಾಲು ಉಕ್ಕಿಸಿದವಳು

ಆ ದಿನ ಬೆಳಿಗ್ಗೆ ಶಿವಮೊಗ್ಗದ ಮೇಲೆ ಮೋಡ ಕವಿದಿತ್ತು, ಆದರೆ ಒಂದೆಲೆಯೂ ಅಲುಗುತ್ತಿರಲಿಲ್ಲ. ಮೇ ತಿಂಗಳ ಕೊನೆಯ ವಾರ. ಏಳು ಗಂಟೆಗೇ ಮೈಯೆಲ್ಲ ಬೆವರು. ದೂರದಲ್ಲಿ, ಭದ್ರಾವತಿಯ ಕಡೆ, ಗುಡುಗು ಗಂಟಲಲ್ಲೇ ಉಳಿದ ಮಾತಿನಂತೆ ಗುರುಗುಟ್ಟುತ್ತಿತ್ತು. ಆಲ್ಕೊಳದ ಮನೆಯಲ್ಲಿ ಸುವರ್ಣಮ್ಮ ದೇವರಿಗೆ ದೀಪ ಹಚ್ಚಿ ಹೊರಗೆ ಬಂದಾಗ ಮನೆಗೆಲಸದ ಈಶ್ವರಮ್ಮ ಪೊರಕೆ ಮುಟ್ಟದೆ ಬಾಗಿಲಲ್ಲೇ ನಿಂತಿದ್ದಳು. ಕೈಯಲ್ಲೊಂದು ಕಾಗದವಿತ್ತು.

ನಾಲೆಯ ಏರಿಯ ಮೇಲಿನ ತಗಡಿನ ಶೆಡ್ಡುಗಳಿಗೆಲ್ಲ ಆ ಕಾಗದ ಅಂಟಿಸಿ ಹೋಗಿದ್ದರು. ಏರಿ ಕುಸಿಯುತ್ತಿದೆ, ಮಳೆ ಹಿಡಿಯುವ ಮೊದಲು ಜಾಗ ಖಾಲಿ ಮಾಡಬೇಕು. ಸೂರಿಲ್ಲದವರು ವಾರ್ಡಿನ ಶಿಬಿರದಲ್ಲಿ ಬಡವರ ವಸತಿ ಯೋಜನೆಗೆ ಅರ್ಜಿ ಕೊಡಬಹುದು ಎಂದಿತ್ತು. ಈಶ್ವರಮ್ಮ ಭದ್ರಾವತಿಯವಳು. ಗಂಡ ತೀರಿಕೊಂಡ ಮೇಲೆ ಮಗಳು ಸಿರಿಯನ್ನು ಕಟ್ಟಿಕೊಂಡು ಇಲ್ಲಿಗೆ ಬಂದು ಒಂಬತ್ತು ವರ್ಷ. ಅವಳ ಶೆಡ್ಡು ಏರಿಯ ತುದಿಯಲ್ಲಿತ್ತು. ಒಲೆಯ ಹಿಂದೆ ನೆಲ ಬಿರಿದು, ಬಿರುಕು ಅಂಗೈ ತೂರುವಷ್ಟಾಗಿತ್ತು.

“ಸಿರಿ ಮಲಗೋದು ಆ ಬಿರುಕಿನ ಪಕ್ಕಾನೇ ಅಮ್ಮಾ. ನಂಗೆ ಓದಕ್ಕೆ ಬರಲ್ಲ, ನೀವೊಂದು ಸಲ ಜೊತೇಲಿ ಬನ್ನಿ” ಎಂದಳು.

ಶಿಬಿರದಲ್ಲಿ ಅಭಯ ಎಂಬ ಗುಮಾಸ್ತ ಅವಳ ಆಧಾರ್ ಸಂಖ್ಯೆ ಒತ್ತಿ ನೋಡಿ ಹುಬ್ಬು ಗಂಟಿಕ್ಕಿದ. ಕೇಂದ್ರದ ಅನುದಾನ, ರಾಜ್ಯದ ಪಾಲು ಎರಡೂ ಸೇರಿ ಈ ಹೆಸರಿಗೆ ಹೋದ ವರ್ಷವೇ ಮನೆಯಾಗಿದೆ, ಒಂದು ಹೆಸರಿಗೆ ಜೀವಮಾನದಲ್ಲಿ ಒಂದೇ ಸಲ ಎಂದ. ಈಶ್ವರಮ್ಮ ನಂಬದಿದ್ದಾಗ ಪರದೆಯನ್ನೇ ಅವಳ ಕಡೆ ತಿರುಗಿಸಿದ.

ಅಲ್ಲೊಂದು ಚಿತ್ರವಿತ್ತು: ಹೊಸ ಮನೆಯ ಬಾಗಿಲಲ್ಲಿ ಈಶ್ವರಮ್ಮ ಕೀಲಿಕೈ ಹಿಡಿದು ನಿಂತಿದ್ದಳು. ಉಟ್ಟಿದ್ದದ್ದು ಸುವರ್ಣಮ್ಮನ ಹಸಿರು ಸೀರೆ. ಚಿತ್ರದ ಅಂಚಿನಲ್ಲಿ ಆರತಿ ತಟ್ಟೆ ಹಿಡಿದ ಒಂದು ಕೈ ಮಾತ್ರ ಕಾಣುತ್ತಿತ್ತು.

“ಅಯ್ಯೋ, ಇದು ನಮ್ಮ ಯಜಮಾನ್ರ ಮನೆ ಕಣಪ್ಪ” ಎನ್ನುವಾಗ ಈಶ್ವರಮ್ಮನ ಮುಖ ಅರಳಿತು. “ಅವತ್ತು ಹಾಲು ಉಕ್ಕಿಸಿದ್ದು ನಾನೇ. ನೋಡಿ ಅಮ್ಮಾ, ನಿಮ್ಮ ಕೈ.”

ಸುವರ್ಣಮ್ಮ ಆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಭದ್ರಾವತಿ ರಸ್ತೆಯ ಆ ಮನೆಯನ್ನು ಗಂಡ ಗಂಗಾಧರಪ್ಪ ಕೊಂಡದ್ದೆಂದೇ ಅವಳು ತಿಳಿದಿದ್ದಳು. ಗಂಡನಿಲ್ಲದವಳನ್ನು ಶುಭಕಾರ್ಯದಲ್ಲಿ ಹಿಂದೆ ನಿಲ್ಲಿಸುವ ಊರಲ್ಲಿ, ಗೃಹಪ್ರವೇಶದ ದಿನ ಬಡವಳ ಕೈಯಿಂದಲೇ ಹಾಲು ಉಕ್ಕಲಿ ಎಂದು ಅವನು ಈಶ್ವರಮ್ಮನನ್ನು ಮುಂದೆ ಕರೆದಾಗ ಸುವರ್ಣಮ್ಮನ ಕಣ್ಣು ತುಂಬಿತ್ತು. ಭಜನೆಯ ಹೆಂಗಸರ ಮುಂದೆ ಗಂಡನ ಗುಣವನ್ನು ಹೊಗಳಿಕೊಂಡಿದ್ದಳು. ಅದಕ್ಕೂ ಮೊದಲು ರೇಷನ್ ಕಾರ್ಡಿಗೆಂದು ಅವನು ಈಶ್ವರಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡದ್ದು ಈಗ ನೆನಪಾಯಿತು.

ಗಂಗಾಧರಪ್ಪನಿಗೆ ದುರ್ಗಿಗುಡಿಯಲ್ಲಿ ಶಾಮಿಯಾನದ ಅಂಗಡಿ. ಊಟಕ್ಕೆ ಬಂದವನು ಹೆಂಡತಿಯ ಮಾತು ಕೇಳಿ ಸಿಟ್ಟಾಗಲಿಲ್ಲ.

“ನಾನೇನು ಕದ್ದೆ ಹೇಳು? ಫಲಾನುಭವಿ ಪಾಲು ಅಂತ ಕಟ್ಬೇಕಲ್ಲ, ಅದನ್ನ ಕಟ್ಟಿದ್ದು ನಾನು. ಅವಳ ಕೈಲಿ ಆಗ್ತಿತ್ತಾ? ನಾನು ಬಿಟ್ಟಿದ್ರೆ ಇನ್ಯಾರೋ ಹೊಡ್ಕೊಂಡು ಹೋಗ್ತಿದ್ರು ಮಾರಾಯ್ತಿ. ಈ ಊರಲ್ಲಿ ನಾನೊಬ್ನೇನಾ?”

“ಅವಳಿಗೆ ಇನ್ನು ಸಿಗಲ್ವಂತೆ. ಅವಳ ಹೆಸರನ್ನೇ ತಿಂದ್ವಲ್ಲ ರೀ.”

“ಅವಳಿಗೆ ಗೊತ್ತೇ ಇಲ್ಲ.”

“ನಂಗೆ ಗೊತ್ತಾಯ್ತಲ್ಲ.”

ಅವನು ಅನ್ನ ಕಲಸಿದ. ಅಂಗಡಿಯ ಹಿಂದೊಂದು ಕೋಣೆ ಇದೆ, ತಾಯಿ ಮಗಳು ಅಲ್ಲಿರಲಿ, ಬಾಡಿಗೆ ಬೇಡ, ಧರ್ಮಕ್ಕಿರಲಿ ಎಂದ.

“ಅವಳ ಮನೆ ನಾವಿಟ್ಕೊಂಡು ಅವಳಿಗೆ ಧರ್ಮ ಮಾಡೋದಾ?”

ಗಂಗಾಧರಪ್ಪ ಕೈ ತೊಳೆದು ಹೊರಟುಹೋದ.

ಎರಡು ದಿನ ಮೋಡ ಹಾಗೇ ನಿಂತಿತ್ತು, ಹನಿ ಬೀಳಲಿಲ್ಲ. ಸುವರ್ಣಮ್ಮ ದೇವರ ಮುಂದೆ ಕುಳಿತರೆ ಮಂತ್ರ ಅರ್ಧಕ್ಕೆ ನಿಲ್ಲುತ್ತಿತ್ತು. ಮೂರನೆಯ ದಿನ ಈಶ್ವರಮ್ಮ ಕೆಲಸಕ್ಕೆ ಬರಲಿಲ್ಲ. ಅವಳ ಪಕ್ಕದ ಶೆಡ್ಡಿನ ಅಡಿಯಿಂದ ಏರಿಯ ಮಣ್ಣು ಜಾರಿ, ಕಟ್ಟಿದ್ದ ಮೇಕೆ ನಾಲೆಗೆ ಹೋಯಿತು ಎಂದು ಹಾಲಿನವನು ಹೇಳಿದ.

ಸುವರ್ಣಮ್ಮ ಅಂಗಡಿಯ ಟೆಂಪೊ ಓಡಿಸುವ ಪೀರ್ ಬಾಷಾನನ್ನು ಕರೆಸಿ, ಕೀಲಿಕೈ ಹಿಡಿದು ಭದ್ರಾವತಿ ರಸ್ತೆಯ ಮನೆಗೆ ಹೋದಳು. ವರ್ಷದಿಂದ ಕಿಟಕಿ ತೆರೆಯದ ಮನೆ ಬಾವಿಯಂತೆ ಉಸಿರುಗಟ್ಟಿಸಿತು. ಗೋಡೆಯುದ್ದಕ್ಕೂ ಶಾಮಿಯಾನದ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಗಳು. ಅಡುಗೆಮನೆಯಲ್ಲಿ ಮದುವೆಯ ದೊಡ್ಡ ಕೊಳದಪ್ಪಲೆಗಳು ಬೋರಲು ಬಿದ್ದಿದ್ದವು. ಕಟ್ಟೆಯ ಮೇಲೆ ಅವತ್ತು ಉಕ್ಕಿದ ಹಾಲಿನ ಕಲೆ ಕಪ್ಪಗೆ ಒಣಗಿತ್ತು. ಆ ಒಂದು ಬೆಂಕಿಯ ನಂತರ ಅಲ್ಲಿ ಒಲೆ ಹೊತ್ತಿರಲಿಲ್ಲ.

ಅರ್ಧ ಸಾಮಾನು ಟೆಂಪೊ ಸೇರುವ ಹೊತ್ತಿಗೆ ಗಂಗಾಧರಪ್ಪ ಬಂದ. ಬಾಷಾ ತಲೆ ತಗ್ಗಿಸಿದ. ಸುವರ್ಣಮ್ಮ ಗಂಡನ ಕಡೆ ನೋಡದೆ, ಎತ್ತಲಾರದ ಕೊಳದಪ್ಪಲೆಯ ಒಂದು ಕಿವಿ ಹಿಡಿದು ಎಳೆಯುತ್ತಲೇ ಇದ್ದಳು. ತಳ ನೆಲಕ್ಕೆ ಉಜ್ಜಿ ಕೀರಲು ಸದ್ದು ಬಂತು. ಅವನು ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದ. ಆಮೇಲೆ ಬಂದು ಇನ್ನೊಂದು ಕಿವಿ ಹಿಡಿದ. ಮನೆ ಖಾಲಿಯಾದ ಮೇಲೆ ಸ್ಕೂಟರಿನ ಡಿಕ್ಕಿಯಿಂದ ಈಶ್ವರಮ್ಮನ ಹೆಸರಿನ ಮನೆ ಹಂಚಿಕೆ ಪತ್ರ ತೆಗೆದು ಹೆಂಡತಿಯ ಕೈಗೆ ಕೊಟ್ಟ. “ನಾನು ಬರಲ್ಲ. ನನ್ನ ಮುಖ ಅವಳಿಗೆ ಬೇಡ” ಎಂದ.

ನಾಲೆಯ ಏರಿಗೆ ಸುವರ್ಣಮ್ಮ ಒಬ್ಬಳೇ ನಡೆದಳು. ಮಧ್ಯಾಹ್ನವೇ ಮುಸ್ಸಂಜೆಯಂತೆ ಕಪ್ಪಿಟ್ಟಿತ್ತು. ಈಶ್ವರಮ್ಮ ಪಾತ್ರೆಗಳನ್ನು ಒಂದೊಂದಾಗಿ ಹೊರಗಿಡುತ್ತಿದ್ದಳು. ಸುವರ್ಣಮ್ಮನ ಕೈಯಲ್ಲಿ ಕೀಲಿಕೈ ಕಂಡು ಕೈ ಒರೆಸಿಕೊಂಡಳು.

“ಆ ಮನೆ ಗುಡಿಸ್ಬೇಕಾ ಅಮ್ಮಾ? ಇದೊಂದು ಮುಗಿಸಿ ನಾಳೆ ಹೋಗ್ತೀನಿ.”

“ಇವತ್ತೇ ಹೋಗು. ಅದು ನಿನ್ನ ಮನೆ ಈಶ್ವರಮ್ಮ. ಮೊದಲಿಂದಾನೂ ನಿಂದೇ.”

ಈಶ್ವರಮ್ಮ ನಗಲು ಹೋದಳು. ಎದುರಿನ ಮುಖ ನೋಡಿ ನಗು ನಿಂತಿತು. ಪರದೆಯ ಮೇಲಿನ ಚಿತ್ರ, ರೇಷನ್ ಕಾರ್ಡಿನ ಹೆಬ್ಬೆಟ್ಟು, ಎಲ್ಲ ನಿಧಾನಕ್ಕೆ ಕೂಡಿಕೊಂಡವು.

“ಹಂಗಾದ್ರೆ ಅವತ್ತು ನನ್ನನ್ನ ಮುಂದೆ ನಿಲ್ಲಿಸಿದ್ದು ಇದಕ್ಕೇನಾ ಅಮ್ಮಾ?”

ಸುಳ್ಳು ಹೇಳಬಹುದಿತ್ತು. ಸುವರ್ಣಮ್ಮ “ಹೂಂ” ಎಂದಳು.

ಏರಿಯ ಕೆಳಗೆ ಒಂದು ಹೆಂಟೆ ಮಣ್ಣು ನೀರಿಗೆ ಬಿದ್ದ ಸದ್ದಾಯಿತು. ಈಶ್ವರಮ್ಮ ಕೈ ಚಾಚಲಿಲ್ಲ. ಸುವರ್ಣಮ್ಮ ಬಾಗಿ ಅವಳ ಕೈ ಹಿಡಿದು, ಪತ್ರವನ್ನೂ ಕೀಲಿಕೈಯನ್ನೂ ಅಂಗೈಯಲ್ಲಿಟ್ಟು, ಪಾತ್ರೆ ತಿಕ್ಕಿ ಒರಟಾದ ಆ ಬೆರಳುಗಳನ್ನು ಒಂದೊಂದಾಗಿ ಮಡಚಿದಳು.