ಮೂರನೇ ಮಹಡಿಗೊಂದು ಫ್ರಿಜ್ಜು

ಮಾಯೆಲ್ ಮಾಡಿದ ಕಂಪ್ಯೂಟರ್ ಆಟದಲ್ಲಿ ಇರುವುದು ಇಷ್ಟೇ: ಒಂದು ಹಳೇ ಫ್ರಿಜ್ಜು, ಇಬ್ಬರು ಆಳುಗಳು, ಮನೆಯ ಹೊರಗಿನ ಸುರುಳಿ ಮೆಟ್ಟಿಲು. ಫ್ರಿಜ್ಜನ್ನು ಮೂರನೇ ಮಹಡಿಗೆ ಹತ್ತಿಸಬೇಕು. ಕೇಳಿದರೆ ಮಕ್ಕಳಾಟ. ಕೂತು ಆಡಿದರೆ ಮಕ್ಕಳ ಹಾಗೇ ಅಳು ಬರುತ್ತದೆ.

ಮೇಲೆ ನಿಂತ ಆಳಿಗೆ ಕೀಬೋರ್ಡಿನ ಎಡಗಡೆ ಮೂರು ಕೀ, ಕೆಳಗೆ ನಿಂತವನಿಗೆ ಬಲಗಡೆ ಮೂರು. ಎರಡು ಕೈಗೆ ಎರಡು, ಕಾಲಿಗೆ ಒಂದು. ಕೀ ಒತ್ತಿ ಹಿಡಿದಷ್ಟು ಹೊತ್ತು ಆಳಿನ ಕೈ ಫ್ರಿಜ್ಜನ್ನು ಹಿಡಿದಿರುತ್ತದೆ. ಬೆರಳು ಚೂರು ಸಡಿಲವಾಯಿತೋ, ಅಷ್ಟೇ. ಫ್ರಿಜ್ಜು ಒಂದೊಂದೇ ಮೆಟ್ಟಿಲಿಗೆ ಢಣ್ ಢಣ್ ಎಂದು ಬಡಿದುಕೊಂಡು ಬೀದಿಗೆ ಬಂದು ಬೀಳುತ್ತದೆ, ಬಾಗಿಲು ತೆರೆದುಕೊಳ್ಳುತ್ತದೆ, ಒಳಗಿಂದ ಒಂದು ಈರುಳ್ಳಿ ಉರುಳಿ ನಿಧಾನವಾಗಿ ರಸ್ತೆ ದಾಟುತ್ತದೆ. ಮತ್ತೆ ಮೊದಲಿಂದ. ನಡುವೆ ಎಲ್ಲೂ ತಂಗುದಾಣವಿಲ್ಲ, ದಯೆಯಿಲ್ಲ, ದಾಕ್ಷಿಣ್ಯವಿಲ್ಲ.

ಇದು ಅವಳ ತಲೆಗೆ ಬಂದದ್ದು ಹೋದ ಜುಲೈ ಒಂದರಂದು. ಮಾಂಟ್ರಿಯಲ್‌ನಲ್ಲಿ ಊರಿಗೆ ಊರೇ ಮನೆ ಬದಲಿಸುವ ದಿನ. ಮಾಯೆಲ್, ನಾನು ಇಬ್ಬರೂ ವಿಲ್‌ರೇ ಬಡಾವಣೆಯ ಮೂರನೇ ಮಹಡಿಯ ಮನೆಗೆ ಬಂದೆವು. ಅವಳ ಅಜ್ಜಿ ಕೊಟ್ಟ ಫ್ರಿಜ್ಜು ತಿರುವಿನಲ್ಲಿ ಸಿಕ್ಕಿ ಅತ್ತಲೂ ಇಲ್ಲ ಇತ್ತಲೂ ಇಲ್ಲ. ಬೀದಿಯಲ್ಲಿ ಹೋಗುತ್ತಿದ್ದವರೆಲ್ಲ ನಿಂತು ಬುದ್ಧಿ ಹೇಳುವವರೇ. "ಎಡಕ್ಕೆ, ಎಡಕ್ಕೆ! ಅಯ್ಯೋ, ನಿನ್ನ ಎಡ ಅಲ್ಲಮ್ಮ!" ಗುರುತೇ ಇಲ್ಲದ ಒಬ್ಬಾತ ತನ್ನ ಸೋಫಾವನ್ನು ಫುಟ್‌ಪಾತಿನಲ್ಲಿ ಬಿಟ್ಟು ಬಂದು ಹೆಗಲು ಕೊಟ್ಟ. ಸಂಜೆ ಎಲ್ಲರೂ ಮೆಟ್ಟಿಲ ಮೇಲೆ ಕೂತು ಒಂದೇ ಡಬ್ಬಿಯಿಂದ ಪೂತೀನ್, ಅದೇ ಚೀಸು, ಗ್ರೇವಿ ಸುರಿದ ಕರಿದ ಆಲೂಗಡ್ಡೆ, ತಿಂದೆವು. ಬೇರೆ ಯಾವತ್ತೂ ಅಷ್ಟು ನಕ್ಕಿದ್ದು ನನಗೆ ನೆನಪಿಲ್ಲ.

ಇಂಥ ಆಟ ಮಾಡುವುದನ್ನು ಕಲಿಸುವ ನಮ್ಮ ಕಾಲೇಜಿನಲ್ಲಿ ಪೆಲ್ತಿಯೆ ಮೇಡಂ ಅಂತ ಇದ್ದಾರೆ. ಅವರ ಮಾತು ಎಂದರೆ ಕಲ್ಲಿನ ಮೇಲೆ ಕೆತ್ತಿದ ಹಾಗೆ. ಮಾರ್ಚಿನಲ್ಲಿ ಮಾಯೆಲ್‌ಳ ಆಟ ನೋಡಿ ಹೇಳಿದರು, "ಯಾರೂ ಮುಗಿಸೋಕಾಗದ್ದು ಆಟ ಅಲ್ಲಮ್ಮ, ಹಗೆತನ. ಪ್ರದರ್ಶನದ ದಿನ ನನ್ನ ಕಣ್ಣೆದುರಿಗೆ ಒಬ್ರಾದ್ರೂ ಫ್ರಿಜ್ಜನ್ನ ಮೂರನೇ ಮಹಡಿ ಮುಟ್ಟಿಸಿದ್ರೆ ಟೊರಾಂಟೊ ಉತ್ಸವಕ್ಕೆ ಕಳಿಸ್ತೀನಿ. ಇಲ್ಲಾಂದ್ರೆ ಇಲ್ಲ."

ಮಾಯೆಲ್‌ಗೆ ಟೊರಾಂಟೊ ಎಂದರೆ ಪ್ರಾಣ. ಅಲ್ಲಿಗೆ ಆಟ ಹೋದರೆ ಕೆಲಸ ಕೊಡುವವರೆಲ್ಲ ಬಂದು ಆಡುತ್ತಾರೆ. ಆದರೆ ಅಲ್ಲಿಯತನಕ ಆ ಆಟವನ್ನು ಅತಿ ಹೆಚ್ಚು ಆಡಿದವಳು ನಾನು, ಕೊರಾಲಿ. ನಾನೇ ಎರಡನೇ ತಿರುವು ದಾಟಿರಲಿಲ್ಲ. ಚಳಿಗಾಲ ಪೂರ್ತಿ ಹೊರಗೆ ಹಿಮ ಬೀಳುತ್ತಿತ್ತು, ಒಳಗೆ ಫ್ರಿಜ್ಜು ಬೀಳುತ್ತಿತ್ತು. ನಾನು ಕಿರುಚಿ, ದಿಂಬಿಗೆ ಗುದ್ದಿ, "ಇನ್ನು ಜನ್ಮದಲ್ಲಿ ಮುಟ್ಟಲ್ಲ" ಎಂದು ಎದ್ದು ಹೋಗಿ ಚಹಾ ಮಾಡಿಕೊಂಡು ಬಂದು ಮತ್ತೆ ಅಲ್ಲೇ ಕೂರುತ್ತಿದ್ದೆ. ಮಾಯೆಲ್ ಬೆನ್ನ ಹಿಂದೆ ನಿಂತು ಮುಸಿಮುಸಿ ನಗುತ್ತಿದ್ದಳು.

ಪ್ರದರ್ಶನದ ದಿನಕ್ಕೆ ಮೇಡಂ ಅವರದೇ ಇನ್ನೊಂದು ನಿಯಮ. ಆಟ ಮಾಡಿದವರು ಆಡುವವರ ಹಿಂದೆ ನಿಲ್ಲಬೇಕು, ತುಟಿ ಪಿಟಕ್ ಎನ್ನಬಾರದು. ಹೇಳಿಕೊಡುವ ಹಾಗಿಲ್ಲ, ನೆಪ ಹೇಳುವ ಹಾಗಿಲ್ಲ. ಜನ ನಿಮ್ಮ ಮಗುವನ್ನು ಹಿಂಡುವುದನ್ನು ನೋಡುತ್ತಾ ನಿಲ್ಲುವುದೇ ಪಾಠ.

ಆ ದಿನ ನಾನು ಸಭಾಂಗಣಕ್ಕೆ ಹೋಗುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಮಾಯೆಲ್‌ಳ ಮೇಜಿನ ಮುಂದೆ ಯಾರೋ ಹುಡುಗಿ ಕೂತಿದ್ದಳು. ನೋಡನೋಡುತ್ತಲೇ ಅವಳ ಫ್ರಿಜ್ಜು ಮೂರನೇ ಮಹಡಿಯ ಬಾಗಿಲ ಒಳಗೆ ಹೋಗಿಬಿಟ್ಟಿತು! ನನ್ನ ಬಾಯಿ ತೆರೆದದ್ದು ತೆರೆದೇ ಇತ್ತು. ಹುಡುಗಿ "ಮುದ್ದಾಗಿದೆ" ಎಂದಳು, ಬ್ಯಾಗು ಎತ್ತಿಕೊಂಡಳು, ಪಕ್ಕದ ಮೇಜಿಗೆ ಹೋದಳು.

"ಏನೇ ಇದು?" ಎಂದೆ.

ಆಡುವವರು ಯಾರೂ ಇರಲಿಲ್ಲವಾದ್ದರಿಂದ ಮಾಯೆಲ್ ಬಾಯಿ ಬಿಡಬಹುದಿತ್ತು. ಆದರೂ ಗೋಡೆ ನೋಡಿದಳು.

ನಾನು ಕೂತೆ. ಆರೂ ಕೀಗಳ ಮೇಲೆ ಬೆರಳಿಟ್ಟು ಎತ್ತಿದೆ. ಮೊದಲ ಮೆಟ್ಟಿಲಲ್ಲೇ ಗೊತ್ತಾಯಿತು. ದಿನಾ ಎತ್ತುವ ಬಿಂದಿಗೆಯಲ್ಲಿ ನೀರಿಲ್ಲದಿದ್ದರೆ ಕೈಗೆ ಗೊತ್ತಾಗುವುದಿಲ್ಲವೇ, ಹಾಗೆ. ಫ್ರಿಜ್ಜು ಹಗುರ. ಅಗಲವೂ ಕಮ್ಮಿ. ತಿರುವಿನಲ್ಲಿ ಕಂಬಿಗೆ ತಗುಲಲೇ ಇಲ್ಲ, ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಯಿತು. ಚಳಿಗಾಲವಿಡೀ ನನ್ನನ್ನು ಅಳಿಸಿದ ಎರಡನೇ ತಿರುವು ಹಿಂದೆ ಬಿತ್ತು. ಕುಣಿಯಬೇಕಿತ್ತು ನಾನು. ಬದಲಿಗೆ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ. ಫ್ರಿಜ್ಜು ಬೀದಿಗೂ ಬೀಳಲಿಲ್ಲ, ಎರಡು ಮೆಟ್ಟಿಲು ಜಾರಿ ಪಾಪದ ಹಸುವಿನ ಹಾಗೆ ನಿಂತುಕೊಂಡಿತು.

"ಇದು ನಮ್ಮ ಫ್ರಿಜ್ಜಲ್ಲ ಕಣೇ."

"ಮೆತ್ತಗೆ ಮಾತಾಡು."

"ಸಣ್ಣ ಮಾಡಿದ್ದೀಯ. ಡಯಟ್ ಮಾಡಿಸಿದ್ದೀಯ ಅದಕ್ಕೆ!"

"ಹೂಂ, ಮಾಡಿಸ್ದೆ, ಏನಿವಾಗ?" ಅವಳ ಕಿವಿ ಕೆಂಪಾಯಿತು. "ನಾಲ್ಕು ಗಂಟೆಗೆ ಮೇಡಂ ಬರ್ತಾರೆ. ಯಾರೋ ಕೂತ್ಕೋತಾರೆ, ಮೇಲೆ ಮುಟ್ಟಿಸ್ತಾರೆ, ನಾನು ಟೊರಾಂಟೊಗೆ ಹೋಗ್ತೀನಿ. ನಿಂಗೇನೇ ನಷ್ಟ? ಅದರ ಮೇಲಿರೋದು ನಿನ್ನ ಹೆಸರಾ?"

"ನನ್ನ ಹೆಸರಲ್ಲ. ನನ್ನ ದಿಂಬು ಹರಿದಿರೋದು ಅದರಿಂದ."

ಅಷ್ಟರಲ್ಲಿ ಒಬ್ಬ ಗಡ್ಡದವನು ಬಂದ, ನಾನು ಎದ್ದೆ, ಅವನು ಕೂತ. ಮಾಯೆಲ್ ತುಟಿ ಮುಚ್ಚಿಕೊಂಡಳು. ಅವನು ಆಡುತ್ತಲೇ ಫೋನಿನಲ್ಲಿ ಯಾರಿಗೋ ಮೊಟ್ಟೆ ತರಲು ಹೇಳಿದ. ಹೇಳಿ ಮುಗಿಸುವಷ್ಟರಲ್ಲಿ ಫ್ರಿಜ್ಜು ಮೇಲಿತ್ತು. "ಮುದ್ದಾಗಿದೆ" ಎಂದ, ಹೊರಟ.

"ಮುದ್ದಂತೆ," ಮಾಯೆಲ್ ಗೊಣಗಿದಳು. "ಬೆಳಗ್ಗೆಯಿಂದ ಎಲ್ಲರೂ ಇದೇ ಹೇಳ್ತಿದ್ದಾರೆ. ಮುದ್ದು! ಮೊಟ್ಟೆ ತರಿಸ್ತಾ ಆಡೋ ಆಟಾನಾ ನಂದು?"

"ಒಬ್ರಾದ್ರೂ ಬೈದ್ರಾ?"

"ಇಲ್ಲ."

"ಒಬ್ರಾದ್ರೂ ಎರಡನೇ ಸಲ ಆಡಿದ್ರಾ?"

ಅವಳು ನನ್ನನ್ನು ಪಕ್ಕಕ್ಕೆ ತಳ್ಳಿ ಕೀಬೋರ್ಡಿನ ಮೇಲೆ ಬಗ್ಗಿದಳು. ಫ್ರಿಜ್ಜಿನ ತೂಕ, ಫ್ರಿಜ್ಜಿನ ಅಳತೆ, ಬೀಳುವಾಗ ತಡೆಯುವ ಮೆಟ್ಟಿಲು, ಮೂರನ್ನೂ ಹಳೇ ಹಾಗೆ ಮಾಡಿದಳು. "ಯಾರೂ ಮುಟ್ಟಿಸಲ್ಲ ಕೊರಾಲಿ. ಹೋಯ್ತು. ನನ್ನ ಟೊರಾಂಟೊ ಹೋಯ್ತು."

ಮುಂದೆ ಕೂತವನು ನಮ್ಮ ತರಗತಿಯ ಫಿಲೆಮೊನ್. ಎಲ್ಲ ಆಟವನ್ನೂ ಅರೆದು ಕುಡಿದವನು, ಹಾಗಂತ ಅವನೇ ಹೇಳುತ್ತಾನೆ. ಮೊದಲ ತಿರುವಿನಲ್ಲೇ ಢಣ್ ಢಣ್ ಢಣ್. ಈರುಳ್ಳಿ ರಸ್ತೆ ದಾಟಿತು. ಅವನು ಹುಬ್ಬು ಗಂಟಿಕ್ಕಿ, "ಕೀಬೋರ್ಡ್ ಸರಿಯಿಲ್ಲ" ಎಂದ. ಮತ್ತೆ ಬಿತ್ತು. "ಕುರ್ಚಿ ಎತ್ತರ ಇದೆ" ಎಂದ. ಮತ್ತೆ ಬಿತ್ತು. ಜಾಕೆಟ್ ಬಿಚ್ಚಿದ.

"ಮುಂದೆ ಪ್ಯಾಂಟು ಬಿಚ್ತೀಯೇನೋ?" ಹಿಂದಿನಿಂದ ಯಾರೋ ಅಂದರು. ತಿರುಗಿ ನೋಡಿದರೆ ಆಗಲೇ ಏಳೆಂಟು ಜನ ನಿಂತಿದ್ದರು.

"ಕೆಳಗಿನವನ ಬಲಗೈ ಮೊದಲು ತೆಗಿಯೋ ಪೆದ್ದ!"

"ನೀನು ಬಂದು ತೆಗಿ, ಬಾ!"

ಪೆದ್ದ ಅಂದ ಹುಡುಗಿ ಬಂದಳು, ತೆಗೆದಳು, ಬೀಳಿಸಿದಳು. ಗುಂಪಿಗೆ ಗುಂಪೇ "ಅಯ್ಯಯ್ಯಯ್ಯೋ" ಎಂದಿತು. ಪಕ್ಕದ ಮೇಜಿನವರು ತಮ್ಮ ಆಟ ಬಿಟ್ಟು ಇಣುಕಿದರು. ಮಾಯೆಲ್ ನಿಯಮದಂತೆ ಹಿಂದೆ ನಿಂತು ಶಾಲಿನ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದಳು.

ಪೆಲ್ತಿಯೆ ಮೇಡಂ ಬಂದಾಗ ಅವರಿಗೆ ಪರದೆ ಕಾಣಲು ದಾರಿ ಬಿಡಿಸಬೇಕಾಯಿತು.

"ಯಾರಾದ್ರೂ ಮುಟ್ಟಿಸಿದ್ರಾ?"

ಮೇಡಂ ಮಾಯೆಲ್‌ಳನ್ನು ನೋಡಿದರು. ಅವಳು ಬಾಯಲ್ಲಿ ಶಾಲು ಇಟ್ಟುಕೊಂಡೇ ತಲೆಯಾಡಿಸಿದಳು, ಇಲ್ಲ.

"ಹೇಳಿದ್ನಲ್ಲಮ್ಮ," ಎಂದರು ಮೇಡಂ. ಹೊರಡಬೇಕಿತ್ತು. ಹೊರಡಲಿಲ್ಲ. ಖಾಲಿ ಕುರ್ಚಿಯನ್ನು ಒಂದು ಗಳಿಗೆ ದಿಟ್ಟಿಸಿದರು. "ಸುಮ್ನೆ ಒಂದ್ಸಲ," ಎಂದು ಕೂತರು.

ನಮ್ಮೂರಿನಲ್ಲಿ ಸಿಟ್ಟು ಬಂದರೆ ಜನ ಚರ್ಚಿನ ಪೂಜಾ ಸಾಮಾನಿನ ಹೆಸರನ್ನೆಲ್ಲ ಬೀದಿಗೆ ಎಳೆಯುತ್ತಾರೆ, ಬೈಗುಳವೇ ಅದು. ಮೊದಲ ಸಲ ಬಿದ್ದಾಗ ಮೇಡಂ ಮೆತ್ತಗೆ "ಪೂಜೆ ಬಟ್ಟಲೇ" ಎಂದರು. ಎರಡನೇ ಸಲ, "ಪ್ರಸಾದದ ಪೆಟ್ಟಿಗೇನೇ!" ಮೂರನೇ ಸಲ ಬಟ್ಟಲು, ಪೆಟ್ಟಿಗೆ, ರೊಟ್ಟಿ, ಗಂಟೆ ಎಲ್ಲ ಒಂದೇ ಉಸಿರಿಗೆ ಬಂದವು. ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು.

"ಆರು ಕೀ ಒಬ್ರಿಗೆ ಹೇಗಮ್ಮ ಆಗುತ್ತೆ? ನಾನೇನು ಆಕ್ಟೋಪಸ್ಸಾ?" ಎಂದು ಸುತ್ತ ನೋಡಿ, "ಯಾರಿಗೆ ಇದು ಚೆನ್ನಾಗಿ ಬರುತ್ತೆ?"

ಬೆರಳುಗಳೆಲ್ಲ ನನ್ನ ಕಡೆ ತಿರುಗಿದವು. "ನಂಗೂ ಬರಲ್ಲ ಮೇಡಂ," ಎಂದೆ. "ಬೀಳಿಸೋದು ಚೆನ್ನಾಗಿ ಬರುತ್ತೆ."

"ಕೂತ್ಕೋ. ಕೆಳಗಿನವನು ನೀನು, ಮೇಲಿನವನು ನಾನು. ಇಬ್ರು ಆಡಬಾರದು ಅಂತ ಯಾರೂ ಹೇಳಿಲ್ಲವಲ್ಲ?"

ಹೇಳಿರಲಿಲ್ಲ. ಒಂದೇ ಕುರ್ಚಿಯಲ್ಲಿ ಅರ್ಧರ್ಧ ಕೂತೆವು. ಅವರ ಮೊಣಕೈ ನನ್ನ ಪಕ್ಕೆಗೆ ಚುಚ್ಚುತ್ತಿತ್ತು.

"ಎತ್ತು."

"ಎತ್ತಿದೆ. ನೀವು ಎಳೀರಿ ಮೇಡಂ."

"ಎಳೀತಿದ್ದೀನಲ್ಲ!"

"ಅದು ಎಳೆಯೋದಲ್ಲ, ಸವರೋದು!"

ಕಾಲೇಜಿನಲ್ಲಿ ಅವರಿಗೆ ಯಾರೂ ಹಾಗೆ ಅಂದದ್ದಿಲ್ಲ. ಅವರಿಗೆ ಕೇಳಿಸಿತೋ ಇಲ್ಲವೋ, ಹಲ್ಲು ಕಚ್ಚಿ ಎಳೆದರು. ಮೊದಲ ತಿರುವು ದಾಟಿತು. ಎರಡನೇ ತಿರುವಿನಲ್ಲಿ ಫ್ರಿಜ್ಜು ಕಂಬಿಗೆ ಒರಗಿ ಕಿರ್ರ್ ಎಂದಿತು. ನನಗೆ ಆ ಸದ್ದು ಗೊತ್ತು, ಎಷ್ಟು ಸಲ ಆ ಸದ್ದಿನ ಹಿಂದೆಯೇ ಈರುಳ್ಳಿ ಬಂದಿದೆ. "ಬಿಡಬೇಡಿ, ಬಿಡಬೇಡಿ, ನಾನು ಕೈ ಬದಲಾಯಿಸ್ತೀನಿ," ಎಂದೆ. ಹಿಂದೆ ನಿಂತವರು ಉಸಿರು ಹಿಡಿದರು. ಬದಲಾಯಿಸಿದೆ. ಫ್ರಿಜ್ಜು ಒಮ್ಮೆ ತೂಗಾಡಿ, ಮೇಲಕ್ಕೆ ವಾಲಿ, ತಿರುವಿನಾಚೆ ನಿಂತಿತು. ಫಿಲೆಮೊನ್ ನನ್ನ ಹೆಗಲು ಹಿಡಿದು ಅಲುಗಾಡಿಸತೊಡಗಿದ. "ಕೈ ತೆಗಿಯೋ, ಬೀಳುತ್ತೆ!" ಎಂದು ಮೇಡಂ ಗದರಿದರು.

ಕೊನೆಯ ಮೆಟ್ಟಿಲು. ಮೊಗಸಾಲೆ. ಬಾಗಿಲು. ತಳ್ಳಿದೆ. ಟಕ್.

ಮತ್ತೆ ತಳ್ಳಿದೆ. ಟಕ್.

"ಹೋಗ್ತಿಲ್ಲ," ಎಂದರು ಮೇಡಂ.

ಬಾಗಿಲಿಗಿಂತ ಫ್ರಿಜ್ಜು ಅಗಲವಿತ್ತು.

ನಾನು ತಿರುಗಿ ಮಾಯೆಲ್‌ಳನ್ನು ನೋಡಿದೆ. ಅವಳ ಮುಖದಲ್ಲಿ ರಕ್ತವಿರಲಿಲ್ಲ. ಆಗ ನನಗೆ ಹೊಳೆಯಿತು. ಬಾಗಿಲನ್ನು ಅವಳು ಕೊನೆಗೆ, ಅಂದರೆ ಹೋದ ವಾರ, ಸಣ್ಣ ಫ್ರಿಜ್ಜಿನ ಅಳತೆಗೆ ಮಾಡಿದ್ದಳು. ದೊಡ್ಡ ಫ್ರಿಜ್ಜನ್ನು ಭೂಮಿಯ ಮೇಲೆ ಯಾರೂ ಅಲ್ಲಿಯತನಕ ತಂದಿರಲಿಲ್ಲವಲ್ಲ, ಅವಳೂ ಸೇರಿ! ಗೊತ್ತಾಗುವುದಾದರೂ ಹೇಗೆ?

"ಮೇಡಂ, ಅದು..." ಎಂದು ಅವಳು ಶಾಲು ತೆಗೆದಳು.

"ಬಾಯಿ ಮುಚ್ಚು. ನಿಯಮ."

ಮೇಡಂ ಪರದೆಯನ್ನೇ ನೋಡುತ್ತಾ ಕೂತರು. ಮೂರು ಬೆರಳೂ ಕೀಗಳ ಮೇಲೆ ಹಾಗೇ ಇದ್ದವು. ಅಲ್ಲಿ ಆಳುಗಳಿಬ್ಬರೂ ಬಾಗಿಲ ಮುಂದೆ ಫ್ರಿಜ್ಜು ಹೊತ್ತು ಏದುಸಿರು ಬಿಡುತ್ತಿದ್ದರು. ಮೇಡಂ ಅವರ ಭುಜ ಅಲ್ಲಾಡತೊಡಗಿತು. ಅಳುತ್ತಿದ್ದಾರೇನೋ ಅಂದುಕೊಂಡೆ. ಅವರು ನಗುತ್ತಿದ್ದರು, ಸದ್ದೇ ಇಲ್ಲದೆ, ಕಣ್ಣಲ್ಲಿ ನೀರು ಬರುವ ಹಾಗೆ.

"ರೋಸ್‌ಮಾಂಟ್ ಬಡಾವಣೆಯಲ್ಲಿ ನಮ್ಮ ಚಿಕ್ಕಪ್ಪಂದು ಇದೇ ಕತೆ," ಎಂದರು. "ಮೂರು ಚಳಿಗಾಲ ಫ್ರಿಜ್ಜು ಬಾಲ್ಕನಿಯಲ್ಲೇ ಇತ್ತು. ಹಾಲು ತರೋಕೂ ಬೂಟು ಹಾಕ್ಕೊಂಡು ಆಚೆ ಹೋಗ್ತಿದ್ವಿ." ಕಣ್ಣೊರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲವಾದ್ದರಿಂದ ನನ್ನ ತೋಳಿಗೇ ಮುಖ ಒರೆಸಿದರು. "ನಾನು ಏನಂದಿದ್ದೆ? ಮೂರನೇ ಮಹಡಿ ಮುಟ್ಟಬೇಕು ಅಂದಿದ್ದೆ. ಮುಟ್ತು. ಒಳಗೆ ಹೋಗಬೇಕು ಅಂತ ನಾನಂದಿಲ್ಲ. ಟೊರಾಂಟೊಗೆ ಕಳಿಸ್ತೀನಿ."

ಗುಂಪು ಚೀರಿದ ರಭಸಕ್ಕೆ ಕಾವಲಿನವನು ಓಡಿ ಬಂದ. ಮಾಯೆಲ್ ನನ್ನ ಕುತ್ತಿಗೆಗೆ ಜೋತುಬಿದ್ದಳು. ನಾನು ಕೀ ಬಿಡುವ ಹಾಗಿಲ್ಲ, ಅವಳನ್ನು ತಬ್ಬುವ ಹಾಗೂ ಇಲ್ಲ.

"ಬಾಗಿಲು ಅಗಲ ಮಾಡ್ಲಾ ಮೇಡಂ?" ಅವಳು ಮೂಗು ಎಳೆಯುತ್ತಾ ಕೇಳಿದಳು.

"ಮುಟ್ಟಿದ್ರೆ ನೋಡು!"

ಆಮೇಲೆ ಮೇಡಂ ನನ್ನ ಕಡೆ ಓರೆಗಣ್ಣಲ್ಲಿ ನೋಡಿದರು. ಇಷ್ಟು ಕಷ್ಟಪಟ್ಟು, ಯಾರೂ ತರದ ಎತ್ತರಕ್ಕೆ ತಂದ ಫ್ರಿಜ್ಜು. ಬೇಡ ಮೇಡಂ, ಎನ್ನುವಷ್ಟರಲ್ಲಿ ಅವರು ಮೂರೂ ಬೆರಳನ್ನು ಒಟ್ಟಿಗೆ ಎತ್ತಿಬಿಟ್ಟರು.

ಢಣ್ ಢಣ್ ಢಣ್ ಢಣ್.

"ಸರಿ," ಎಂದರು, ತೋಳು ಮಡಿಸಿಕೊಳ್ಳುತ್ತಾ. "ಜರುಗು ಆಕಡೆ. ಈ ಸಲ ಕೆಳಗಿನವನು ನಂಗೆ."