ಗುರುದತ್ತ ಮಾಡಿದ ಕಂಪ್ಯೂಟರ್

ನನ್ನ ಅಣ್ಣ ಗುರುದತ್ತನಿಗೆ ಗೊತ್ತಿಲ್ಲದ ವಿಷಯವಿಲ್ಲ. ಈ ವರ್ಷ ಬಂಗಡೆ ಯಾಕೆ ಕಮ್ಮಿ, ಕುಮಟಾದ ರೈಲು ಯಾಕೆ ತಡ, ಕ್ರಿಕೆಟ್ ತಂಡದಿಂದ ಯಾರನ್ನು ಕೈಬಿಡಬೇಕು, ಎಲ್ಲದಕ್ಕೂ ಅವನ ಹತ್ತಿರ ಉತ್ತರ ತಯಾರಿರುತ್ತದೆ. ಹೊನ್ನಾವರದ ಒಂದು ಪತ್ತಿನ ಸಂಘದಲ್ಲಿ ಹನ್ನೊಂದು ವರ್ಷದಿಂದ ಗುಮಾಸ್ತ. ಮನೆಯ ಫ್ಯೂಸು ಹೋದರೆ ಮಾತ್ರ, ಊರಿಗೇ ಕರೆಂಟು ಹೋಗಿದೆ ಎಂದುಕೊಂಡು ಬೀಸಣಿಗೆ ಹಿಡಿದು ಜಗಲಿಯಲ್ಲಿ ಕೂರುತ್ತಾನೆ.

ಎರಡು ಸಾವಿರದ ಮೂರರಲ್ಲಿ ನಾನು ಕುಮಟಾದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದೆ. ದಿನವಿಡೀ ಬೇರೆಯವರಿಗೆ ಮೌಸು ಹಿಡಿಯಲು ಕಲಿಸಿ ಸಾಕಾಗುತ್ತಿತ್ತು. ನನಗೆ ಬೇಕಿದ್ದದ್ದು ಒಂದೇ: ಮನೆಗೆ ಬಂದು, ಕಾಲು ತೊಳೆದು, ಏಳರಿಂದ ಎಂಟರವರೆಗೆ ಕಾರ್ ರೇಸಿನ ಆಟ ಆಡುವುದು. ಹುಡುಗಿಗೆ ಇದೆಂಥ ಆಸೆ ಎನ್ನುವವರು ಎನ್ನಲಿ. ಅಂಗಡಿಯ ಹೊಸ ಕಂಪ್ಯೂಟರ್ ನನ್ನ ಸಂಬಳಕ್ಕೆ ಎಟುಕುವಂಥದ್ದಲ್ಲ. ಹಾಗಾಗಿ ಒಂದೊಂದೇ ಭಾಗ ತಂದು ನಾನೇ ಜೋಡಿಸಿದೆ.

ಕ್ಲಾಸಿನವರು ಹಳೆಯ ಮಷೀನುಗಳನ್ನು ವಿಲೇವಾರಿ ಮಾಡಿದಾಗ ಮದರ್‌ಬೋರ್ಡು, ಪ್ರೊಸೆಸರ್ ತೆಗೆದುಕೊಂಡೆ. ಮೂಲೆ ನಜ್ಜಾದ ಕ್ಯಾಬಿನೆಟ್ಟು ಒಂದು ಲಾಡ್ಜಿನ ಅಟ್ಟದಲ್ಲಿ ಸಿಕ್ಕಿತು. ದೋಷವಿದ್ದರೆ ಬೀಪ್ ಅನ್ನುವ ಸ್ಪೀಕರ್ ಕೂಡ ಅದರಲ್ಲಿ ಉಳಿದಿರಲಿಲ್ಲ. ಮಾನಿಟರು ಹಳೆಯದು, ಎಡಗಡೆ ಸ್ವಲ್ಪ ಹಳದಿ. ಪವರ್ ಸಪ್ಲೈ ಮತ್ತು ರ‍್ಯಾಮ್ ಮಾತ್ರ ಹೊಸದೇ ಬೇಕೆಂದು ಹಟ ಹಿಡಿದೆ. ಕೊನೆಗೆ ಗ್ರಾಫಿಕ್ಸ್ ಕಾರ್ಡು. ಅದಿಲ್ಲದೆ ಆಟವಿಲ್ಲ. ನನ್ನ ಬೋರ್ಡಿನಲ್ಲಂತೂ ಅದಿಲ್ಲದೆ ಪರದೆಯ ಮೇಲೆ ಏನೂ ಮೂಡುವುದೇ ಇಲ್ಲ. ಮೂರು ಭಾನುವಾರ ಭಟ್ಕಳಕ್ಕೆ ಹೋಗಿ, ಗಲ್ಫ್ ಸಾಮಾನಿನ ಅಂಗಡಿಗಳನ್ನೆಲ್ಲ ಸುತ್ತಿ, ಪೊಟ್ಟಣ ಒಡೆಯದ ಕಾರ್ಡು ತಂದೆ. ಅಂಗಡಿಯವರು ಅದನ್ನು ನನ್ನ ಕೈಗೆ ಕೊಡುವಾಗ, "ಬಾಯಿಯವರೇ, ಇದರ ತುದಿ ಬಂಗಾರದ್ದು, ಬೆರಳು ತಾಗಿಸ್ಬೇಡಿ," ಎಂದರು. ನನಗೆ ಅದು ಗೊತ್ತಿತ್ತು. ಆದರೂ ನನ್ನನ್ನು ಕೆಲಸ ಬಲ್ಲವಳೆಂದು ಮಾತಾಡಿಸಿದ್ದಕ್ಕೆ ಬಸ್ಸಿನಲ್ಲಿ ಬರುವಷ್ಟು ಹೊತ್ತೂ ಖುಷಿಯಾಗಿದ್ದೆ.

ಮಷೀನು ಶುರುವಾದ ದಿನ ಗುರುದತ್ತ ಹಿಂದೆ ನಿಂತು ಟಾರ್ಚು ಹಿಡಿದಿದ್ದ. ಅದೂ ಅರ್ಧಕ್ಕೇ ಕೈ ನೋವೆಂದು ಇಟ್ಟುಬಿಟ್ಟ. ಮಾರನೆಯ ದಿನ ಸಂಘದ ಪಕ್ಕದ ಕ್ಯಾಂಟೀನಿನಲ್ಲಿ "ನಾವು ಕಂಪ್ಯೂಟರ್ ಮಾಡಿದ್ದೇವೆ" ಎಂದ. ವಾರ ಕಳೆಯುವಷ್ಟರಲ್ಲಿ ಅದು "ನಾನು ಮಾಡಿದ್ದು" ಆಯಿತು. ಸಂಘದ ಬಾಗಿಲು ಐದಕ್ಕೆ ಮುಚ್ಚುತ್ತದೆ, ನನ್ನ ಬಸ್ಸು ಬರುವುದು ಆರೂವರೆಗೆ. ನಾನು ಒಳಗೆ ಕಾಲಿಡುವಾಗ ನನ್ನ ಕುರ್ಚಿಯಲ್ಲಿ ಅವನು, ಸುತ್ತ ಅವನ ದಂಡು, ಕೀಲಿಮಣೆಯ ಮೇಲೆ ಚಕ್ಕುಲಿ ಪುಡಿ. ಕಾರನ್ನು ಗೋಡೆಗೆ ಗುದ್ದಿಸಿ ಗುದ್ದಿಸಿ ಹೋ ಎಂದು ನಗುತ್ತಿದ್ದರು. ಬ್ರೇಕು ಎಲ್ಲಿದೆ ಎಂದು ಅವರಲ್ಲಿ ಒಬ್ಬನಿಗೂ ತಿಳಿದಿರಲಿಲ್ಲ.

"ಅಣ್ಣಾ, ಏಳು ಗಂಟೆಗೆ ನನ್ಗೆ ಬೇಕು," ಎಂದೆ.

"ಇರೇ ಮಾರಾಯ್ತಿ, ಜನ ಬಂದದ್ದು ಕಾಣೂದಿಲ್ವಾ? ಹೋಗು, ಚಾ ಮಾಡು."

ಚಾ ಮಾಡಿದೆ. ಮರುದಿನ ಬೆಳಿಗ್ಗೆ ಕ್ಯಾಬಿನೆಟ್ಟಿನ ಮುಚ್ಚಳ ತೆಗೆದು, ರ‍್ಯಾಮ್ ಕಳಚಿ, ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡು ಕುಮಟಾಕ್ಕೆ ಹೋದೆ. ರ‍್ಯಾಮ್ ಎಂದರೆ ಗೇಣಿಗಿಂತ ಚಿಕ್ಕದಾದ ಒಂದು ಪಟ್ಟಿ. ಅದಿಲ್ಲದಿದ್ದರೆ ಫ್ಯಾನು ತಿರುಗುತ್ತದೆ, ಪರದೆ ಕಪ್ಪಗೇ ಇರುತ್ತದೆ. ನನ್ನಣ್ಣನ ತಲೆಯ ಹಾಗೆ.

ಸಿಟ್ಟಿನಲ್ಲಿ ಮಾಡಿದ್ದು ನಿಜ. ಆದರೆ ಬಸ್ಸಿನಲ್ಲಿ ಕೂತು ನನಗೆ ನಾನೇ ಒಂದು ಮಾತು ಕೊಟ್ಟುಕೊಂಡೆ. ಇದಕ್ಕೆ ಏನಾಯಿತೆಂದು ಗುರುದತ್ತ ನನ್ನನ್ನು ಒಂದು ಸಲ ಕೇಳಿದರೆ ಸಾಕು, ಆ ಕ್ಷಣ ಪಟ್ಟಿ ಹಾಕಿಬಿಡುತ್ತೇನೆ. ಕುರ್ಚಿ ಅವನೇ ಇಟ್ಟುಕೊಳ್ಳಲಿ. ಇದನ್ನು ಮಾಡಿದವಳು ಇವಳು ಎಂದು ಆ ದಂಡಿಗೆ ಒಮ್ಮೆ ಗೊತ್ತಾಗಲಿ.

ಅವನು ಊರನ್ನೆಲ್ಲ ಕೇಳಿದ. ಮೊದಲು ಕೇಬಲ್ ಟಿವಿಯ ರಮಾನಂದ ಬಂದ. ಕತ್ತಲೆ ಪರದೆಯನ್ನು ಐದು ನಿಮಿಷ ಗಂಭೀರವಾಗಿ ನೋಡಿ, "ವೈರಸ್ಸು," ಎಂದ. "ಮಳೆಗಾಲದಲ್ಲಿ ಜಾಸ್ತಿ." ನಮ್ಮಮ್ಮ, ಆಯಿ, ಹೆದರಿ ನಾಲ್ಕು ದಿನ ಆ ಕೋಣೆಯ ಬಾಗಿಲು ಮುಚ್ಚಿದಳು, ಊದುಬತ್ತಿ ಹಚ್ಚಿದಳು. ಆಮೇಲೆ ಇನ್ನೊಬ್ಬ ಬಂದು ವೋಲ್ಟೇಜು ಎಂದ. ಅವನು ಹೋದ ಮೇಲೆ ಮೇಜಿನ ದಿಕ್ಕು ಬದಲಾಯಿತು. ನಾನು ಪಕ್ಕದಲ್ಲೇ ಬಟ್ಟೆ ಮಡಚುತ್ತಾ ಕೂತಿರುತ್ತಿದ್ದೆ. ಊರಿಗೆಲ್ಲ ಕಂಪ್ಯೂಟರ್ ಕಲಿಸುವವಳು ಮನೆಯಲ್ಲೇ ಇದ್ದಾಳೆಂದು ಒಬ್ಬರಿಗೂ ಹೊಳೆಯಲಿಲ್ಲ. ನನಗೆ ಒಳಗೊಳಗೇ ನಗು ಉಕ್ಕಿ ಬರುತ್ತಿತ್ತು. ಇಷ್ಟು ಪುಕ್ಕಟೆ ಮನರಂಜನೆ ಆ ಕಾರ್ ರೇಸಿನಲ್ಲೂ ಸಿಕ್ಕಿರಲಿಲ್ಲ.

ಹನ್ನೆರಡನೆಯ ದಿನ ಅವನು ಸಂಘಕ್ಕೆ ಅರ್ಧ ದಿನ ರಜೆ ಹಾಕಿ, ಹೊಳೆಯಾಚೆಯ ಕಾಸರಕೋಡಿನ ಬಂದರಿನಿಂದ ಶುಕ್ರನನ್ನು ಕರೆತಂದ. ಶುಕ್ರ ಬೋಟಿನ ಇಂಜಿನ್ ಮೆಕ್ಯಾನಿಕ್, ಆ ಕೆಲಸದಲ್ಲಿ ಅವನ ಮಾತಿಗೆ ಎದುರಿಲ್ಲ. ಅಂದು ನಾನು ಮನೆಯಲ್ಲಿರಲಿಲ್ಲ. ಬಸ್ಸಿಳಿದು ಮನೆಗೆ ಬಂದಾಗ ಶುಕ್ರ ಹೊರಟುಹೋಗಿದ್ದ. ಗುರುದತ್ತ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಪಕ್ಕದಲ್ಲಿ ತೆಂಗಿನೆಣ್ಣೆಯ ಬಟ್ಟಲು, ಪಾಲಿಶ್ ಪೇಪರಿನ ತುಂಡು, ತೊಡೆಯ ಮೇಲೆ ನನ್ನ ಗ್ರಾಫಿಕ್ಸ್ ಕಾರ್ಡು.

"ಸಿಕ್ತು ಕಣೇ!" ಎಂದ, ಮುಖವೆಲ್ಲ ಬೆಳಗಿಸಿಕೊಂಡು. "ವೈರಸ್ಸೂ ಅಲ್ಲ, ಎಂತದೂ ಅಲ್ಲ. ಉಪ್ಪುಗಾಳಿ. ತುದೀಲಿ ಪೂರಾ ಹಳದಿ ತುಕ್ಕು ಹಿಡ್ದಿತ್ತು. ಶುಕ್ರ ನೋಡಿದ್ದೇ ಹೇಳ್ದ, ತಿಕ್ಕಿ ಎಣ್ಣೆ ಹಾಕು ಅಂತ. ಎರಡು ತಾಸು ತಿಕ್ದೆ. ನೋಡು ಹೆಂಗೆ ಹೊಳೀತದೆ!"

ನಮ್ಮೂರಲ್ಲಿ ಕಿಟಕಿ ಸರಳಿಗೆ, ಸೈಕಲ್ಲಿಗೆ, ಈಳಿಗೆಗೆ, ಕೊನೆಗೆ ಸೇಫ್ಟಿ ಪಿನ್ನಿಗೂ ಉಪ್ಪುಗಾಳಿಯ ತುಕ್ಕು ಹಿಡಿಯುತ್ತದೆ. ತಿಕ್ಕಿ ಎಣ್ಣೆ ಸವರುವುದು ಎಲ್ಲರ ಮನೆಯ ಮದ್ದು. ಕಾರ್ಡನ್ನು ಕೈಗೆ ತೆಗೆದುಕೊಂಡೆ. ಬಂಗಾರದ ಗೆರೆಗಳಿದ್ದ ಜಾಗದಲ್ಲಿ ಬೋಳು ಹಲಗೆ, ಅಲ್ಲಲ್ಲಿ ಕಿತ್ತುಬಂದ ತಾಮ್ರದ ಎಳೆ, ಅದರ ಮೇಲೆ ಎಣ್ಣೆ. ಅಷ್ಟು ಶ್ರದ್ಧೆಯಿಂದ ಅವನು ಜನ್ಮದಲ್ಲಿ ಇನ್ಯಾವ ಕೆಲಸವನ್ನೂ ಮಾಡಿದವನಲ್ಲ. ಅವನ ಹೆಬ್ಬೆರಳಿನ ಚರ್ಮ ಸುಲಿದುಹೋಗಿತ್ತು.

"ಶುಕ್ರಂಗೆ ಬೋಟು ಬಂತು ಅಂತ ಫೋನ್ ಬಂತು, ಓಡಿದ," ಎಂದ ಗುರುದತ್ತ. ಆಮೇಲೆ ಸ್ವಲ್ಪ ಸಣ್ಣ ದನಿಯಲ್ಲಿ, "ಪ್ರಣಿತಾ, ಇದು ಯಾವ ತೂತಿಗೆ ಹಾಕೂದು? ನಿನ್ಗೆ ಗೊತ್ತಿರ್ತದಲ್ಲ?" ಎಂದ.

ಹನ್ನೆರಡು ದಿನದಿಂದ ನಾನು ಕಾಯುತ್ತಿದ್ದದ್ದು ಇಂಥ ಒಂದು ಮಾತಿಗೆ. ಬ್ಯಾಗಿನಿಂದ ಕನ್ನಡಕದ ಡಬ್ಬಿ ತೆಗೆದೆ. ರ‍್ಯಾಮನ್ನು ಅದರ ಜಾಗಕ್ಕೆ ಒತ್ತಿದೆ, ಕಾರ್ಡಿನ ಎಣ್ಣೆ ಒರೆಸಿ ಸೀಳಿನಲ್ಲಿ ಕೂರಿಸಿದೆ, ಸ್ವಿಚ್ಚು ಹಾಕಿದೆ. ಫ್ಯಾನು ತಿರುಗಿತು. ಪರದೆ ಕಪ್ಪಗೇ ಇತ್ತು. ಹಾಗೇ ಇರುತ್ತದೆಂದು ನನಗೆ ಮೊದಲೇ ಗೊತ್ತಿತ್ತು.

"ಅದೆಂತ ಹಾಕ್ದೆ ಈಗ, ಡಬ್ಬಿಂದ ತೆಗ್ದು?" ಎಂದ ಗುರುದತ್ತ.

ಹೇಳಿದೆ. ಯಾವತ್ತು ತೆಗೆದೆ, ಯಾಕೆ ತೆಗೆದೆ, ಅವನು ತುಕ್ಕೆಂದು ತಿಕ್ಕಿ ತೆಗೆದದ್ದು ಏನು, ಎಲ್ಲ. ಕ್ಲಾಸಿನಲ್ಲಿ ಹೇಳುವ ಹಾಗೆ ಒಂದೊಂದಾಗಿ ಬಿಡಿಸಿ ಹೇಳಿದೆ. ನಡುವೆ ಒಮ್ಮೆಯೂ ಬಾಯಿ ಹಾಕದೆ ಅವನು ಕೇಳಿಸಿಕೊಂಡದ್ದು ಅದೇ ಮೊದಲು. ಅವನು ಬೈಯಬೇಕಿತ್ತು, ನಾನೂ ತಿರುಗಿ ಬೈಯಲು ಸಿದ್ಧವಾಗಿದ್ದೆ. ಅವನು ಸುಲಿದ ಹೆಬ್ಬೆರಳನ್ನು ಪಂಚೆಗೆ ಒರೆಸಿಕೊಂಡ.

"ನಾ ಹೆಡ್ಡ. ಆತು," ಎಂದ. "ನಿನ್ಗೆ ಗೊತ್ತಿತ್ತಲ್ಲೇ. ಹನ್ನೆರಡು ದಿನ ನೋಡ್ತಾ ಕೂತಿದ್ಯಾ?"

ಒಳಗಿನಿಂದ ಆಯಿ ಬಂದು ಬಾಗಿಲಲ್ಲಿ ನಿಂತಿದ್ದಳು. "ಒಂದು ಮಾತು ಹೇಳೂಕೆ ಆಗ್ಲಿಲ್ವಾ ನಿನ್ಗೆ?"

"ಯಾರೂ ನನ್ನ ಕೇಳ್ಲಿಲ್ಲ," ಎಂದೆ. ಅದು ಅಪ್ಪಟ ನಿಜ. ಆದರೆ ಬಾಯಿಂದ ಹೊರಬಿದ್ದ ಮೇಲೆ ನನಗೇ ಅಸಹ್ಯವಾಯಿತು, ಕ್ಯಾಂಟೀನಿನಲ್ಲಿ ಕೂತು ತನ್ನದೇ ಸರಿ ಎಂದು ಮಾತಾಡುವವರ ದನಿಯೇ ಅದರಲ್ಲಿತ್ತು. ಗುರುದತ್ತ ಎದ್ದು ನನ್ನ ಕುರ್ಚಿಯನ್ನು ಮೇಜಿನ ಮುಂದೆ ಎಳೆದಿಟ್ಟು ಹೊರಗೆ ಹೋದ. ಏಳು ಗಂಟೆಯಾಗಿತ್ತು. ನಾನು ಕೂತೆ.